ಬೇಗ ಅಳು ಬರುವವರು ನರ್ಸ್ ಆಗಬಹುದಾ?

ಪ್ರಶ್ನೆ: ಮೇಡಂ, ನನಗೆ 18 ವರ್ಷ. ಶಾಲೆ ಮುಗಿಯಿತು, ನರ್ಸಿಂಗ್ ಸೇರಬೇಕು ಅಂತ ತುಂಬಾ ಆಸೆ ಇದೆ. ಹೋದ ವರ್ಷ ನಮ್ಮ ಅಜ್ಜಿಗೆ ಲಕ್ವ ಹೊಡೆದು ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಒಬ್ಬ ಸಿಸ್ಟರ್ ರೂಮಿನಿಂದ ಹೊರಗೆ ಹೋಗುವ ಮುಂಚೆ ಪ್ರತಿ ಸಲ ನೀರಿನ ಲೋಟವನ್ನು ಅಜ್ಜಿಯ ಎಡಗಡೆಗೆ ಸರಿಸಿಟ್ಟು ಹೋಗುತ್ತಿದ್ದರು. ಅಜ್ಜಿಗೆ ಬಲಗೈ ಆಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅವರೇ ಗಮನಿಸಿದ್ದು. ಈಗ ಅಜ್ಜಿ ಮನೆಯಲ್ಲಿದ್ದಾರೆ, ಇವತ್ತಿಗೂ ಆ ಸಿಸ್ಟರ್ ಹೆಸರು ಹೇಳುತ್ತಾರೆ. ಅವರನ್ನು ನೋಡಿದ ಮೇಲೆ ನಾನೂ ಹಾಗಾಗಬೇಕು ಅನಿಸಿತು. ಆದರೆ ನನಗೆ ಬೇಗ ಅಳು ಬರುತ್ತೆ. ಮನೆಯಲ್ಲಿ "ಇಷ್ಟು ಮೆತ್ತನೆ ಮನಸ್ಸು ಇಟ್ಕೊಂಡು ಆ ಕೆಲಸ ಆಗಲ್ಲ" ಅಂತಾರೆ. ನರ್ಸ್ ಆಗಿರುವ ಒಬ್ಬ ಅಕ್ಕ "ಎರಡು ವರ್ಷ ಆದ್ಮೇಲೆ ಎಲ್ಲರೂ ಕಲ್ಲಾಗ್ತಾರೆ, ನೀನೂ ಆಗ್ತೀಯ" ಅಂದರು. ಎರಡೂ ಕೇಳಿ ಹೆದರಿಕೆ ಆಗಿದೆ. ನಾನು ಈ ಕೆಲಸಕ್ಕೆ ಬರಬಹುದಾ? ಬಂದರೆ ಮನಸ್ಸು ಕಲ್ಲಾಗದ ಹಾಗೆ ಇರೋಕೆ ಆಗುತ್ತಾ? ಸೇರುವ ಮುಂಚೆ ಏನೇನು ನೋಡಬೇಕು?

ಉತ್ತರ: ಬರಬಹುದು. ಮಿಕ್ಕಿದ್ದನ್ನು ನಿಧಾನವಾಗಿ ಓದಿ, ಆದರೆ ಇದೊಂದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ, ಅಳು ಬರುವುದು ಈ ಕೆಲಸಕ್ಕೆ ಅಡ್ಡಿಯಲ್ಲ. ನಾನು ಈ ಕೆಲಸಕ್ಕೆ ಬಂದು 26 ವರ್ಷ ಆಯಿತು. ಜಾಸ್ತಿ ವರ್ಷ ಮೆಡಿಕಲ್ ವಾರ್ಡಿನಲ್ಲಿ, ನಡುವೆ ಆರು ವರ್ಷ ಐಸಿಯುನಲ್ಲಿ, ಈಗ ಹೊಸದಾಗಿ ಬರುವವರಿಗೆ ಕಲಿಸುತ್ತೇನೆ. ಹೋದ ತಿಂಗಳು ಕೂಡ ಲಿನನ್ ರೂಮಿನಲ್ಲಿ ನಿಂತು ಅತ್ತಿದ್ದೇನೆ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಆ ಸಿಸ್ಟರ್ ಅಜ್ಜಿಯನ್ನು ನೋಡಿ ಕಣ್ಣಲ್ಲಿ ನೀರು ಹಾಕಿದರು ಅಂತ ನೀವು ಬರೆದಿಲ್ಲ, ಸಿಹಿಯಾಗಿ ಮಾತಾಡಿದರು ಅಂತಲೂ ಬರೆದಿಲ್ಲ. ಲೋಟ ಯಾವ ಕಡೆ ಇಟ್ಟರು ಅಂತ ಬರೆದಿದ್ದೀರಿ. ಒಂದು ವರ್ಷ ಆದಮೇಲೂ ನಿಮ್ಮ ಅಜ್ಜಿಗೆ ಉಳಿದಿರುವುದು ಅದೇ. ಕರುಣೆ ಎಂದರೆ ಎದೆಯೊಳಗೆ ಉಕ್ಕುವ ಏನೋ ಒಂದು ಎಂದು ನಾವು ಅಂದುಕೊಂಡಿರುತ್ತೇವೆ, ಅದು ಇರುತ್ತದೆ ಕೂಡ. ಆದರೆ ಹಾಸಿಗೆಯಲ್ಲಿ ಮಲಗಿದವರಿಗೆ ನಮ್ಮ ಎದೆಯೊಳಗೆ ಏನಿದೆ ಅಂತ ಕಾಣುವುದಿಲ್ಲ. ಅವರಿಗೆ ಕಾಣುವುದು ಕೈ ಮಾತ್ರ. ಲೋಟ ಕೈಗೆ ಸಿಗುತ್ತಾ, ಬೆಲ್ ಹತ್ತಿರ ಇದೆಯಾ, ಒದ್ದೆ ಬೆಡ್‌ಶೀಟ್ ಎಷ್ಟು ಹೊತ್ತಿಗೆ ಬದಲಾಯಿತು, ಇಷ್ಟೇ. ಇದು ಕೈಕೆಲಸ, ಕಣ್ಣಿನ ಕೆಲಸ. ಕೈಕೆಲಸ ಅಂದಮೇಲೆ ಕಲಿಯಬಹುದು, ಅಲ್ವಾ?

ನನ್ನ ಮೊದಲ ವರ್ಷದ ಒಂದು ಮಧ್ಯಾಹ್ನದ ಡ್ಯೂಟಿ ಹೇಳುತ್ತೇನೆ. ಹನ್ನೊಂದು ದಿನ ನಾನು ನೋಡಿಕೊಂಡಿದ್ದ ಒಬ್ಬ ಹೆಂಗಸು ಅವತ್ತು ತೀರಿಕೊಂಡರು. ನಾನು ಅವರ ಬೆಡ್ ಪಕ್ಕದಲ್ಲೇ ನಿಂತು ಅಳುತ್ತಿದ್ದೆ. ಪಕ್ಕದ ಬೆಡ್‌ನ ವಯಸ್ಸಾದವರೊಬ್ಬರು ಬೆಡ್‌ಪ್ಯಾನ್ ಕೇಳಿದರು. ಎರಡು ಸಲ ಕೇಳಿದರು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಮೇಲೆ ನೋಡಿದರೆ ಅವರು ಹಾಸಿಗೆಯಲ್ಲೇ ಮಾಡಿಕೊಂಡು, ಗೋಡೆ ಕಡೆಗೆ ಮುಖ ತಿರುಗಿಸಿ ಮಲಗಿದ್ದರು. ಆ ಬೆನ್ನು ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ವಾರ್ಡ್ ಇನ್‌ಚಾರ್ಜ್ ಬೈಯಲಿಲ್ಲ. ಹೊಸ ಬೆಡ್‌ಶೀಟ್ ತಂದು "ನೀನು ಆ ಕಡೆ ಹಿಡಿ" ಅಂದರು. ಇಬ್ಬರೂ ಸೇರಿ ಅವರನ್ನು ಒರೆಸಿ, ಬಟ್ಟೆ ಬದಲಾಯಿಸಿದೆವು. ರಾತ್ರಿ, ನನ್ನ ಡ್ಯೂಟಿ ಮುಗಿದಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ಅಳು ಬಂದರೆ ಹೋಗಿ ಅಳು. ಹೋಗುವಾಗ ಇನ್ನೊಬ್ಬರಿಗೆ ಹೇಳಿ ಹೋಗು. ಐದು ನಿಮಿಷ ನಿನ್ನ ಬೆಡ್‌ಗಳನ್ನು ಅವರು ನೋಡಿಕೊಳ್ತಾರೆ." ಈಗ ನಾನು ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇನೆ, ಸಿರಿಂಜ್ ಹಿಡಿಯುವುದಕ್ಕಿಂತ ಮುಂಚೆ. ನಿಮ್ಮ ಮನೆಯವರ ಭಯಕ್ಕೆ ನನ್ನ ಉತ್ತರವೂ ಅದೇ. ಅಳುವಾಗ ನಿಮ್ಮ ಬೆಡ್‌ಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋಗುವುದು ಅಭ್ಯಾಸವಾದರೆ ಸಾಕು.

ಈಗ ಆ ಕೈಕೆಲಸ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ತಾನಾಗಿ ಹೊರಳಲು ಆಗದ ಒಬ್ಬ ರೋಗಿ ಅಂತ ಇಟ್ಟುಕೊಳ್ಳಿ. ಮಲಗಿದಲ್ಲೇ ಮಲಗಿದರೆ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ, ಸಣ್ಣ ರಕ್ತನಾಳಗಳು ಒತ್ತಿ ಹೋಗುತ್ತವೆ, ಆ ಜಾಗಕ್ಕೆ ರಕ್ತ ಹೋಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ. ಬೆಡ್‌ಸೋರ್ ಆಗುವುದು ಹೀಗೆ. ಮೇಲೆ ನೋಡಿದರೆ ಒಂದು ಕೆಂಪು ಮಚ್ಚೆ, ಒಳಗೆ ಎಲುಬಿನವರೆಗೆ ಹೋಗಿರಬಹುದು. ಅದಕ್ಕೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತೇವೆ, ಕೆಲವರಿಗೆ ಇನ್ನೂ ಬೇಗ ಬೇಕಾಗುತ್ತದೆ. ಪ್ರತಿ ಸಲ ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಗಾಯ ಆಗಲೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಈ ಕೆಂಪು ಕಾಣದೇ ಇರಬಹುದು, ಆಗ ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಕೈಯಿಂದ ಮುಟ್ಟಿ ತಿಳಿಯಬೇಕು. ಕೆಂಪಾದ ಜಾಗವನ್ನು ಉಜ್ಜಬಾರದು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಬೇಕು.

ಇಷ್ಟನ್ನೂ ಮಾಡುವಾಗ ಇನ್ನೊಂದು ವಿಷಯ ನಡೆಯುತ್ತಿರುತ್ತದೆ. ಮುಟ್ಟುವ ಮುಂಚೆ "ಈಗ ಎಡಕ್ಕೆ ತಿರುಗಿಸ್ತೀನಿ, ನನ್ನ ಕೈ ಸ್ವಲ್ಪ ತಣ್ಣಗಿದೆ" ಅಂತ ಹೇಳುತ್ತೀರಿ. ಪರದೆ ಎಳೆಯುತ್ತೀರಿ. ಬೆನ್ನು ಒರೆಸುವಾಗ ಎದೆ, ಹೊಟ್ಟೆ ಮುಚ್ಚಿರುತ್ತೀರಿ. ಪ್ರಜ್ಞೆ ಇಲ್ಲದವರಿಗೂ ಹೇಳುತ್ತೀರಿ, ಅವರಿಗೆ ಕೇಳಿಸುತ್ತಿರಬಹುದು. ಇದನ್ನೆಲ್ಲ ಹತ್ತು ನಿಮಿಷದಲ್ಲಿ ಮಾಡುವ ನರ್ಸ್‌ಗಳನ್ನು ನೋಡಿದ್ದೇನೆ, ಅದೇ ಹತ್ತು ನಿಮಿಷದಲ್ಲಿ ಮಾತಿಲ್ಲದೆ ಮೂಟೆ ಹೊರಳಿಸಿದ ಹಾಗೆ ಹೊರಳಿಸುವವರನ್ನೂ ನೋಡಿದ್ದೇನೆ. ಸಮಯ ಇಬ್ಬರಿಗೂ ಅಷ್ಟೇ ಆಗುತ್ತದೆ.

ಎರಡನೆಯದು, ಉಸಿರು ಎಣಿಸುವುದು. ಇದರ ಬಗ್ಗೆ ನಾನು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಕಡೆ ಜನ ಬಿಟ್ಟುಬಿಡುವುದು ಇದನ್ನೇ. ಬಿಪಿಗೆ ಮೆಷಿನ್ ಇದೆ, ನಾಡಿಗೆ ಇದೆ, ಜ್ವರಕ್ಕೆ ಇದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ನರ್ಸ್ ಪಕ್ಕದಲ್ಲಿ ನಿಂತು ಪೂರ್ತಿ ಒಂದು ನಿಮಿಷ ಕಣ್ಣಲ್ಲಿ ನೋಡಿಯೇ ಎಣಿಸಬೇಕು. ದೊಡ್ಡವರಿಗೆ ಸುಮ್ನೆ ಮಲಗಿದ್ದಾಗ ನಿಮಿಷಕ್ಕೆ 12ರಿಂದ 20. "ನಿಮ್ಮ ಉಸಿರು ಎಣಿಸ್ತೀನಿ" ಅಂದರೆ ರೋಗಿ ಉಸಿರಾಟದ ರೀತಿಯನ್ನೇ ಬದಲಾಯಿಸಿಬಿಡುತ್ತಾರೆ, ಅದಕ್ಕೆ ನಾಡಿ ನೋಡುವ ಹಾಗೆ ಕೈ ಹಿಡಿದುಕೊಂಡು ಕಣ್ಣನ್ನು ಎದೆಯ ಮೇಲೆ ಇಡುತ್ತೇವೆ. ಒಂದು ರಾತ್ರಿ ಡ್ಯೂಟಿಗೆ ಬಂದಾಗ ಒಬ್ಬರ ಚಾರ್ಟಿನಲ್ಲಿ ಮೂರು ಶಿಫ್ಟ್‌ನಿಂದ 18, 18, 18 ಅಂತ ಬರೆದಿತ್ತು. ಬಿಪಿ ಸರಿ, ಜ್ವರ ಇಲ್ಲ, ಆಪರೇಷನ್ ಆಗಿ ಎರಡು ದಿನ. "ಚೆನ್ನಾಗಿದ್ದೀನಿ ಸಿಸ್ಟರ್" ಅಂದರು. ಆದರೆ ಮಾತಿನ ನಡುವೆ ಉಸಿರಿಗಾಗಿ ನಿಲ್ಲಿಸುತ್ತಿದ್ದರು. ಕೈ ಹಿಡಿದು ಎಣಿಸಿದೆ, 28. ನಂಬಿಕೆ ಬರದೆ ಇನ್ನೊಂದು ನಿಮಿಷ ಎಣಿಸಿದೆ, 28. ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಸೋಂಕು ರಕ್ತಕ್ಕೆ ಹರಡಲು ಶುರುವಾಗಿತ್ತು. ಐಸಿಯುಗೆ ಹೋದರು, ಒಂಬತ್ತು ದಿನದ ಮೇಲೆ ಮನೆಗೆ ಹೋದರು. ದೇಹ ಕೆಡುವಾಗ ಸಾಮಾನ್ಯವಾಗಿ ಬಿಪಿ ಬೀಳುವುದಕ್ಕೆ ಎಷ್ಟೋ ಹೊತ್ತು ಮುಂಚೆ ಉಸಿರು ಏರಿರುತ್ತದೆ. ಆ 18 ಬರೆದವರು ಕೆಟ್ಟವರಲ್ಲ, ಅವರಲ್ಲಿ ಒಬ್ಬರು ರೋಗಿಗಳ ಜೊತೆ ತುಂಬಾ ಪ್ರೀತಿಯಿಂದ ಮಾತಾಡುವವರು. ಆದರೆ ಎಣಿಸಿರಲಿಲ್ಲ. ಅವತ್ತಿನಿಂದ ನನಗೆ ಪ್ರೀತಿಯ ಮಾತು ಬೇರೆ, ಕರುಣೆ ಬೇರೆ ಅಂತ ಗಟ್ಟಿಯಾಗಿ ಅನಿಸಿಬಿಟ್ಟಿದೆ.

ಆ ಫೋನ್ ಮಾಡುವುದೂ ಒಂದು ಕಲೆ. ನಡುರಾತ್ರಿ ಡಾಕ್ಟರನ್ನು ಎಬ್ಬಿಸಿ "ಸರ್, ಪೇಷೆಂಟ್ ಯಾಕೋ ಸರಿಯಿಲ್ಲ ಅನಿಸ್ತಿದೆ" ಅಂದರೆ "ಬೆಳಿಗ್ಗೆ ನೋಡೋಣ" ಅಂತ ಬರುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮ ಇದೆ, ಎಸ್‌ಬಿಎಆರ್ ಅಂತ ಕರೆಯುತ್ತಾರೆ, ಕಾಲೇಜಿನಲ್ಲಿ ನಿಮಗೂ ಕಲಿಸುತ್ತಾರೆ. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನಾನು ನೋಡಿದ್ದರಿಂದ ನನಗೆ ಏನನಿಸುತ್ತದೆ, ನಿಮ್ಮಿಂದ ಏನು ಬೇಕು, ಈ ನಾಲ್ಕೇ. "ಇಂಥ ಬೆಡ್‌ನವರ ಉಸಿರು 28 ಆಗಿದೆ, ಎರಡು ಸಲ ಎಣಿಸಿದ್ದೇನೆ. ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನ. ಸೋಂಕು ಇರಬಹುದು ಅನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು." ಮೆತ್ತನೆ ಮನಸ್ಸಿನವರಿಗೆ ಕಷ್ಟವಾಗುವುದು ರಕ್ತ ನೋಡುವುದಲ್ಲ, ಈ ಕೊನೆಯ ವಾಕ್ಯ ಹೇಳುವುದು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರೂ ತಪ್ಪಿಲ್ಲ.

ಲೆಕ್ಕದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. "ಸೇವೆ ಮಾಡಬೇಕು" ಅಂತ ಬರುವ ಎಷ್ಟೋ ಮಕ್ಕಳು ಲೆಕ್ಕ ಕಂಡರೆ ಹೆದರುತ್ತಾರೆ. 500 ಎಂಎಲ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಸೆಟ್ಟು ಒಂದು ಎಂಎಲ್‌ಗೆ 20 ಹನಿ ಬಿಡುವಂಥದ್ದು. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇದು ನಿದ್ದೆಗಣ್ಣಲ್ಲೂ ಬರಬೇಕು. ದಶಮಾಂಶದ ಚುಕ್ಕೆ ಒಂದು ಮನೆ ಆಚೆ ಹೋದರೆ ಔಷಧಿ ಹತ್ತು ಪಟ್ಟು ಹೋಗುತ್ತದೆ, ಮಗುವಾಗಿದ್ದರೆ ಉಳಿಯುವುದು ಕಷ್ಟ. ಅದಕ್ಕೇ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಂದಲಾ, ಸೂಜಿಯಿಂದಲಾ), ಸರಿಯಾದ ಸಮಯ ಅಂತ ಐದನ್ನೂ ಪ್ರತಿ ಸಲ, ಪ್ರತಿ ಮಾತ್ರೆಗೂ ನೋಡುತ್ತೇವೆ. ರೋಗಿಯನ್ನು "ನೀವು ಇಂಥವರಾ?" ಅಂತ ಕೇಳಬಾರದು, ಮಂಪರಿನಲ್ಲಿರುವವರು ಎಲ್ಲದಕ್ಕೂ ಹೂಂ ಅಂತಾರೆ. "ನಿಮ್ಮ ಹೆಸರು ಹೇಳಿ" ಅಂತ ಕೇಳಬೇಕು, ಕೈಪಟ್ಟಿಯನ್ನೂ ನೋಡಬೇಕು.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರಿಗೂ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. 1854ರಲ್ಲಿ ಅವರು 38 ಜನ ದಾದಿಯರ ಜೊತೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದಾಗ ರಾತ್ರಿ ದೀಪ ಹಿಡಿದು ಸೈನಿಕರನ್ನು ನೋಡಲು ಹೋಗುತ್ತಿದ್ದದ್ದು ನಿಜ. ಆದರೆ ಅವರು ಎಷ್ಟು ಜನ ಸತ್ತರು, ಯಾವ ಕಾರಣಕ್ಕೆ ಸತ್ತರು ಅಂತ ಲೆಕ್ಕವನ್ನೂ ಇಟ್ಟರು. ಗಾಯದಿಂದ ಸತ್ತವರಿಗಿಂತ ಕೊಳಕು ಮತ್ತು ಸೋಂಕಿನಿಂದ ಬರುವ ಕಾಯಿಲೆಗಳಿಂದ ಸತ್ತವರೇ ಎಷ್ಟೋ ಪಾಲು ಜಾಸ್ತಿ ಅಂತ ಬಣ್ಣದ ನಕ್ಷೆ ಬರೆದು ಸರ್ಕಾರಕ್ಕೆ ತೋರಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ನರ್ಸಿಂಗ್ ಶಾಲೆ ಶುರುವಾಯಿತು. ನನಗೆ ಆ ದೀಪಕ್ಕಿಂತ ಆ ಲೆಕ್ಕದ ಪುಸ್ತಕದ ಮೇಲೇ ಗೌರವ ಜಾಸ್ತಿ.

ನೋವಿನ ವಿಷಯಕ್ಕೆ ಬರುತ್ತೇನೆ. ಹೊಸ ನರ್ಸ್‌ಗಳು ಸುಲಭವಾಗಿ ತಪ್ಪುವ ಜಾಗ ಇದು. ಒಬ್ಬರು ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದರು, ಫೋನ್ ಇಟ್ಟು "ಸಿಸ್ಟರ್, ನೋವು ಹತ್ತಕ್ಕೆ ಎಂಟು" ಅಂತಾರೆ. "ಸುಮ್ನೆ ಹೇಳ್ತಿದ್ದಾರೆ" ಅನಿಸುತ್ತದೆ. ನೋವು ಎಂದರೆ ಅದನ್ನು ಅನುಭವಿಸುವವರು ಏನು ಹೇಳುತ್ತಾರೋ ಅದೇ ಅಂತ ಮಾರ್ಗೊ ಮೆಕ್ಯಾಫರಿ ಎಂಬ ನರ್ಸ್ 1968ರಲ್ಲೇ ಹೇಳಿದರು. ಮೊದಲು ನಂಬಿ, ಆಮೇಲೆ ಎಲ್ಲಿ, ಯಾವಾಗಿಂದ, ಹೇಗಿದೆ ಅಂತ ಕೇಳಿ. ಔಷಧಿ ಕೊಟ್ಟ ಮೇಲೆ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಬಂದು ಕೇಳಿ. ಈ ಎರಡನೇ ಸಲ ಬರುವುದನ್ನು ಜನ ಮರೆಯುತ್ತಾರೆ, ರೋಗಿ ಕಾಯುತ್ತಿರುವುದು ಅದಕ್ಕೇ. ಸಿಸಿಲಿ ಸಾಂಡರ್ಸ್ ಅಂತ ಒಬ್ಬರಿದ್ದರು. ಮೊದಲು ನರ್ಸ್ ಆದರು, ಆಮೇಲೆ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು, ಕೊನೆಗಾಲದಲ್ಲಿರುವವರನ್ನು ನೋಡಿಕೊಳ್ಳುವ ಜಾಗ ಅದು. ಕೊನೆಯ ದಿನಗಳಲ್ಲಿರುವವರ ನೋವಿನಲ್ಲಿ ದೇಹದ್ದು, ಮನಸ್ಸಿನದ್ದು, ಮನೆಮಂದಿಯದ್ದು, ಜೀವದ ಅರ್ಥದ್ದು ಎಲ್ಲ ಬೆರೆತಿರುತ್ತದೆ ಅಂತ ಅವರು ಕಂಡುಕೊಂಡರು. ನೋವು ಬಂದು ರೋಗಿ ಕೂಗುವವರೆಗೆ ಕಾಯದೆ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಔಷಧಿ ಕೊಡುವುದು ರೂಢಿಗೆ ಬಂದಿದ್ದರಲ್ಲಿ ಅವರದ್ದು ದೊಡ್ಡ ಪಾಲು.

ಮಾತಿನ ಬಗ್ಗೆ ಎರಡೇ ಮಾತು. "ಏನೂ ಆಗಲ್ಲ, ಹೆದರಬೇಡಿ" ಅಂತ ಹೇಳಬೇಡಿ. ಅದು ನಿಮಗೆ ಗೊತ್ತಿಲ್ಲ, ಅವರಿಗೂ ಗೊತ್ತಿದೆ ನಿಮಗೆ ಗೊತ್ತಿಲ್ಲ ಅಂತ. "ಹೆದರಿಕೆ ಆಗ್ತಿದೆಯಾ? ಯಾವುದರ ಬಗ್ಗೆ?" ಅಂತ ಕೇಳಿ ಸುಮ್ಮನಿರಿ. ಮತ್ತೆ, ಸಾಧ್ಯವಾದರೆ ಕೂತುಕೊಂಡು ಮಾತಾಡಿ. ಎರಡು ನಿಮಿಷ ಕೂತರೆ ಸಾಕು, ನಿಂತು ಐದು ನಿಮಿಷ ಮಾತಾಡಿದ್ದಕ್ಕಿಂತ ಜಾಸ್ತಿ ಹೊತ್ತು ಇದ್ದ ಹಾಗೆ ಅನಿಸುತ್ತದೆ ಅವರಿಗೆ.

ಇನ್ನು ಕಲ್ಲಾಗುವ ವಿಷಯ. ಆ ಅಕ್ಕ ಸುಳ್ಳು ಹೇಳಿಲ್ಲ. ನಾನೂ ನೋಡಿದ್ದೇನೆ, ನನಗೂ ಆಗಿತ್ತು. ಐಸಿಯುನಲ್ಲಿ ನಾಲ್ಕನೇ ವರ್ಷ ಒಂದು ದಿನ ಹ್ಯಾಂಡೋವರ್ ಕೊಡುವಾಗ, ಅಂದರೆ ಡ್ಯೂಟಿ ಮುಗಿಸಿ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ಒಬ್ಬರನ್ನು "ಆರನೇ ಬೆಡ್‌ನ ಲಿವರ್" ಅಂದೆ. ಅವರ ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳು ಏನೂ ಅನ್ನಲಿಲ್ಲ, ಅಪ್ಪನ ಹೆಸರನ್ನು ಮಾತ್ರ ಒಂದು ಸಲ ಮೆಲ್ಲಗೆ ಹೇಳಿದಳು. ಎಷ್ಟೋ ದಿನ ನನಗೆ ನಿದ್ದೆ ಬರಲಿಲ್ಲ. ಆಮೇಲೆ ತಿಳಿಯಿತು, ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸ್‌ಗಳ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ರೋಗಿಯನ್ನು ಬೆಡ್ ನಂಬರಿನಿಂದ, ಕೆಟ್ಟ ಅಂಗದಿಂದ ಕರೆಯುವುದು, ಒಬ್ಬ ರೋಗಿಯ ಕೆಲಸವನ್ನು ಹತ್ತು ಜನಕ್ಕೆ ಹಂಚಿ ಯಾರೂ ಹತ್ತಿರ ಆಗದ ಹಾಗೆ ಮಾಡುವುದು, ಇವೆಲ್ಲ ದಿನಾ ಸಾವು ನೋವು ನೋಡುವ ಭಯವನ್ನು ತಡೆದುಕೊಳ್ಳಲು ಆಸ್ಪತ್ರೆಯೇ ಕಟ್ಟಿಕೊಂಡ ಗೋಡೆಗಳು ಅಂತ. ಅದನ್ನು ಓದಿ ನನಗೆ ಸಮಾಧಾನ ಆಗಲಿಲ್ಲ, ಆದರೆ ದಾರಿ ಕಂಡಿತು. ಅವತ್ತಿನಿಂದ ಹ್ಯಾಂಡೋವರ್‌ನಲ್ಲಿ ಮೊದಲು ಹೆಸರು, ಆಮೇಲೆ ಕಾಯಿಲೆ. ಹೆಸರಿನ ಜೊತೆ ಅವರ ಬಗ್ಗೆ ಒಂದು ವಿಷಯ. "ಇವರಿಗೆ ಬಲಗೈ ಆಡಲ್ಲ, ಲೋಟ ಎಡಕ್ಕೆ ಇಡಿ" ಅನ್ನುವಂಥದ್ದು. ನಮ್ಮ ವಾರ್ಡಿನಲ್ಲಿ ಈಗ ಎಲ್ಲರೂ ಹಾಗೇ ಕೊಡುತ್ತಾರೆ.

ಆದರೆ ಇದೆಲ್ಲ ಒಬ್ಬರ ಮನಸ್ಸಿನ ಮೇಲೆ ಮಾತ್ರ ನಿಂತಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ಒಬ್ಬ ನರ್ಸ್‌ಗೆ ಐದು ಜನ ರೋಗಿಗಳಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬಹುದು. ಇಪ್ಪತ್ತು ಜನ ಇದ್ದರೆ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಆಗುವುದಿಲ್ಲ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಅವರ ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಆಪರೇಷನ್ ಆದ ರೋಗಿಗಳನ್ನು ನೋಡಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಸುಮಾರು 7% ಏರುತ್ತಿತ್ತು. ಅದೇ ಅಧ್ಯಯನದಲ್ಲಿ ರೋಗಿಗಳು ಜಾಸ್ತಿ ಇದ್ದ ಕಡೆ ನರ್ಸ್‌ಗಳು ಬೇಗ ಬಸವಳಿಯುತ್ತಿದ್ದದ್ದೂ ಕಂಡಿತು. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲು ಬಿಡದ ಜಾಗದಲ್ಲಿ ದಿನಾ ಕೆಲಸ ಮಾಡುವ ನೋವಿಗೆ ಆಂಡ್ರ್ಯೂ ಜೇಮ್ಟನ್ ಎಂಬ ತತ್ವಶಾಸ್ತ್ರಜ್ಞರು 1984ರಲ್ಲಿ ಒಂದು ಹೆಸರನ್ನೇ ಕೊಟ್ಟರು, ನೈತಿಕ ಸಂಕಟ ಅಂತ. ಕಲ್ಲಾದ ಹಾಗೆ ಕಾಣುವ ಎಷ್ಟೋ ನರ್ಸ್‌ಗಳ ಒಳಗೆ ಇರುವುದು ಇದೇ. ಅವರಿಗೆ ಬೇಕಾಗಿರುವುದು ಇನ್ನೂ ಇಬ್ಬರು ಜೊತೆಗಾರರು, ಪೂರ್ತಿ ಒಂದು ರಜೆ. ಮುಂದೆ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದಾಗ ಸಂಬಳ ಕೇಳುವ ಹಾಗೆಯೇ ಇದನ್ನೂ ನಾಚಿಕೆ ಇಲ್ಲದೆ ಕೇಳಿ. ಹಗಲು ಒಬ್ಬರಿಗೆ ಎಷ್ಟು ರೋಗಿಗಳು, ರಾತ್ರಿ ಎಷ್ಟು, ಹೊಸಬರ ಜೊತೆ ಎಷ್ಟು ವಾರ ಹಿರಿಯರು ಇರುತ್ತಾರೆ? ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಉತ್ತರವೇ.

ಒಂದು ವಾರ್ಡು ಆಗಿ ಬರಲಿಲ್ಲ ಅಂದರೆ ನರ್ಸಿಂಗ್ ಆಗಿ ಬರಲಿಲ್ಲ ಅಂತ ಅಲ್ಲ, ಇದನ್ನೂ ನೆನಪಿಡಿ. ಐಸಿಯುನಲ್ಲಿ ಮೆಷಿನ್‌ಗಳ ಜೊತೆ ಒಬ್ಬರೋ ಇಬ್ಬರೋ ರೋಗಿ. ಡಯಾಲಿಸಿಸ್‌ನಲ್ಲಿ ಅದೇ ಮುಖಗಳು ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ. ಹೆರಿಗೆ, ಮಕ್ಕಳ ವಾರ್ಡು, ಆಪರೇಷನ್ ಥಿಯೇಟರ್, ಮಾನಸಿಕ ಆರೋಗ್ಯ, ಮನೆಮನೆಗೆ ಹೋಗಿ ನೋಡುವ ಕೆಲಸ, ಸೋಂಕು ತಡೆಯುವ ವಿಭಾಗ, ಕೊನೆಗಾಲದ ಆರೈಕೆ, ಒಂದೊಂದೂ ಒಂದೊಂದು ಪ್ರಪಂಚ. ನನ್ನ ಜೊತೆ ಓದಿದ ಒಬ್ಬಳು ಮಕ್ಕಳ ವಾರ್ಡಿನಲ್ಲಿ ಮೂರು ತಿಂಗಳು ನಿಲ್ಲಲಾರದೆ ಹೋದಳು. ಕೊನೆಗಾಲದ ಆರೈಕೆಯಲ್ಲಿ ಹದಿನೈದು ವರ್ಷದಿಂದ ಇದ್ದಾಳೆ, ಅವಳಷ್ಟು ನೆಮ್ಮದಿಯಾಗಿರುವವರನ್ನು ನಾನು ನೋಡಿಲ್ಲ.

ಸೇರುವ ಮುಂಚೆ ಏನು ನೋಡಬೇಕು ಅಂದಿರಿ. ಕೋರ್ಸು ಡಿಪ್ಲೊಮಾ ಇರಲಿ, ಪದವಿ ಇರಲಿ, ಮುಗಿದ ಮೇಲೆ ನರ್ಸ್ ಅಂತ ನೋಂದಣಿ ಆಗದಿದ್ದರೆ ಕೆಲಸ ಮಾಡಲು ಬರುವುದಿಲ್ಲ. ಆದ್ದರಿಂದ ಆ ಕಾಲೇಜಿಗೆ ನರ್ಸಿಂಗ್ ಮಂಡಳಿಯ ಮಾನ್ಯತೆ ಈಗ ಇದೆಯಾ ಅಂತ ಕಾಲೇಜನ್ನು ಕೇಳಬೇಡಿ, ಮಂಡಳಿಯ ಪಟ್ಟಿಯಲ್ಲೇ ನೋಡಿ. ಆಮೇಲೆ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ಕಲಿಯುವ ಕೆಲಸ, ಯಾವ ಆಸ್ಪತ್ರೆಯಲ್ಲಿ, ವಾರಕ್ಕೆ ಎಷ್ಟು ಗಂಟೆ, ಅಲ್ಲಿ ರೋಗಿಗಳು ನಿಜವಾಗಿ ಇರುತ್ತಾರಾ ಅಂತ ಈಗ ಓದುತ್ತಿರುವ ಹುಡುಗ ಹುಡುಗಿಯರನ್ನು ಕೇಳಿ. ಕಟ್ಟಡ ನೋಡಿ ಮರುಳಾಗಬೇಡಿ. ಸಾಧ್ಯವಾದರೆ ಸೇರುವ ಮುಂಚೆ ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ಎರಡು ವಾರ ಸಹಾಯಕ್ಕೆ ಹೋಗಿ. ವಾಸನೆ, ವಾಂತಿ, ಮಲಮೂತ್ರ, ಸಿಟ್ಟಿನಲ್ಲಿ ಕೂಗಾಡುವ ಮನೆಯವರು, ಇವೆಲ್ಲ ಇದ್ದಾಗಲೂ ಮಾರನೇ ದಿನ ಹೋಗಬೇಕು ಅನಿಸುತ್ತಾ ನೋಡಿ. ಮೊದಲ ಸಲ ರಕ್ತ ನೋಡಿ ತಲೆ ಸುತ್ತಿದರೆ ಚಿಂತೆ ಬೇಡ, ಗೋಡೆಗೆ ಒರಗಿ ಕೂತುಬಿಡಿ, ಜಾಸ್ತಿ ಜನಕ್ಕೆ ಕೆಲವು ವಾರದಲ್ಲಿ ಸರಿಹೋಗುತ್ತದೆ.

ಬೆನ್ನಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ರೋಗಿಯನ್ನು ಒಬ್ಬರೇ ಎತ್ತಬೇಡಿ, ಎಂದಿಗೂ. ರೋಗಿಯನ್ನು ಸರಿಸಲು ಕೆಳಗೆ ಹಾಕುವ ಜಾರು ಹಾಳೆ ಅಥವಾ ಎತ್ತುವ ಸಾಧನ ಇದ್ದರೆ ಬಳಸಿ, ಇಲ್ಲದಿದ್ದರೆ ಇನ್ನೊಬ್ಬರು ಬರುವವರೆಗೆ ಕಾಯಿರಿ. ಹಾಸಿಗೆಯನ್ನು ನಿಮ್ಮ ಸೊಂಟದ ಎತ್ತರಕ್ಕೆ ತಂದುಕೊಳ್ಳಿ. ಅವಸರದಲ್ಲಿ ಎತ್ತಿ ಮೂವತ್ತಕ್ಕೇ ಬೆನ್ನು ಕಳೆದುಕೊಂಡು ಕೆಲಸ ಬಿಟ್ಟ ಒಳ್ಳೆಯ ನರ್ಸ್‌ಗಳು ನನಗೆ ಗೊತ್ತು, ಆ ನಷ್ಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೋರ್ಸು ಶುರುವಾಗುವವರೆಗೆ ಸುಮ್ನೆ ಕಾಯಬೇಡಿ. ಇವತ್ತು ರಾತ್ರಿ ಅಜ್ಜಿ ಮಲಗಿದ ಮೇಲೆ ಪಕ್ಕದಲ್ಲಿ ಕೂತುಕೊಳ್ಳಿ, ಸೆಕೆಂಡ್ ಮುಳ್ಳಿರುವ ಗಡಿಯಾರ ಇಟ್ಟುಕೊಳ್ಳಿ. ಎದೆ ಒಂದು ಸಲ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿಬಿಡೋಣ ಅಂತ ಆಸೆ ಆಗುತ್ತದೆ, ಹಾಗೆ ಮಾಡಬೇಡಿ, ಪೂರ್ತಿ 60 ಸೆಕೆಂಡ್ ಎಣಿಸಿ. ಹಾಗೇ ಹಿಮ್ಮಡಿ ಎರಡನ್ನೂ ಒಂದು ಸಲ ನೋಡಿ, ಬಲಗಾಲಿನದ್ದನ್ನು ಮೊದಲು. ಮೂರು ರಾತ್ರಿ ಹೀಗೆ ಮಾಡಿ, ಅಂಕಿಗಳನ್ನು ಬರೆದಿಟ್ಟು ನನಗೆ ಕಳಿಸಿ.